ಗಂಧಕದ ಕೊಂಡಿ: ನವೆಂಬರಿನ ಹಾಳೆ

ಕೊಳೆತ ಮೊಟ್ಟೆಯ ವಾಸನೆ, ಅದರ ಮೇಲೆ ಮೂಗು ಸುಡುವ ಅಮೋನಿಯ, ಇವೆರಡರ ಹಿಂದೆ ಎಲ್ಲೋ ಒಲೆಯ ಮೇಲೆ ಕುದಿಯುವ ಕಾಫಿ. ನನ್ನ ಬಾಲ್ಯದ ಶನಿವಾರಗಳಿಗೆಲ್ಲ ಇದೇ ವಾಸನೆ.

ನಮ್ಮ ಊರಿನಲ್ಲಿ ಒಂದು ಇಗರ್ಜಿ, ರೈಲುಹಳಿಯ ಪಕ್ಕ ಗೋಧಿಯ ಕಣಜ, ಇಪ್ಪತ್ತೆಂಟು ಮನೆ ಇದ್ದವು. ಕೂದಲಿಗೆ ಗುಂಗುರು ಹಾಕಿಸಿಕೊಳ್ಳಲು ಹೆಂಗಸರು ಅಮ್ಮನ ಅಡುಗೆಮನೆಗೆ ಬರುತ್ತಿದ್ದರು. ಅವರ ತಲೆತುಂಬ ಗುಲಾಬಿ ಬಣ್ಣದ ಸುರುಳಿಗಳನ್ನು ಸಿಕ್ಕಿಸಿ ಅಮ್ಮ ಬಾಟಲಿಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಅಪ್ಪ ಮೂಗು ಮುಚ್ಚಿಕೊಂಡು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ.

“ಯಾವ ವಾಸನೆ? ನಂಗೇನೂ ಬರ್ತಿಲ್ಲವಲ್ಲ” ಎನ್ನುತ್ತಿದ್ದಳು ಅಮ್ಮ. ನಿಜವಾಗಿಯೂ ಅವಳಿಗೆ ಬರುತ್ತಿರಲಿಲ್ಲ.

ಅರವತ್ತು ವರ್ಷಗಳ ಮೇಲೆ, ಬುಧವಾರ ಮಧ್ಯಾಹ್ನ ಎರಡೂವರೆಗೆ, ಪ್ರಯೋಗಾಲಯದ ಶೀತಕೋಣೆಯಲ್ಲಿ ರೊವೆನಾಳ ಬಾಟಲಿಯ ಮುಚ್ಚಳ ತೆರೆದಾಗ ಆ ವಾಸನೆಯ ಒಂದು ಎಳೆ ನನ್ನ ಮೂಗಿಗೆ ತಾಕಿತು. ಅಮೋನಿಯ ಇಲ್ಲ, ಕಾಫಿ ಇಲ್ಲ. ಮೊಟ್ಟೆಯ ಎಳೆಯೊಂದೇ.

ಮರುದಿನ ಬೆಳಿಗ್ಗೆ ಹತ್ತಕ್ಕೆ ವಿಚಾರಣೆಯಿತ್ತು. ಎರಡು ವರ್ಷದ ಹಿಂದೆ ತಾನು ಮಾಡಿ ತೋರಿಸಿದ್ದ ಪ್ರಯೋಗವನ್ನು ಮತ್ತೆ ಮಾಡಲಾರದೆ ಹೋದ ಇಲ್ಲಿನ ಸಂಶೋಧಕಿ ರೊವೆನಾ ಡಿಮಾಯುಗಾ ಆಗ ಸುಳ್ಳು ಫಲಿತಾಂಶ ಬರೆದಿದ್ದಾಳೆ ಎಂಬುದು ಆರೋಪ. ಅಷ್ಟರೊಳಗೆ ಬೇರೆ ಕಾರಣ ಸಿಗದಿದ್ದರೆ ಆ ಹುಡುಗಿಯ ಐದು ವರ್ಷದ ದುಡಿಮೆಯೂ ಹೆಸರೂ ಒಟ್ಟಿಗೇ ಹೋಗುತ್ತಿದ್ದವು.

ಈ ಪ್ರಯೋಗಾಲಯವನ್ನು ಮೂವತ್ತಮೂರು ವರ್ಷ ನೋಡಿಕೊಂಡು, ನಾಲ್ಕು ವರ್ಷದ ಹಿಂದೆ ನಿವೃತ್ತಳಾದವಳು ನಾನು, ಎಲ್ಸಿ ವೊರೊನ್ಯುಕ್. “ನಿನ್ನ ಕಣ್ಣಿಗಾದರೂ ಏನಾದರೂ ಬೀಳುತ್ತದೋ ನೋಡು” ಎಂದು ಇಲ್ಲಿನ ಮುಖ್ಯಸ್ಥರಾದ ಪ್ರೊಫೆಸರ್ ಪೆನ್ನರ್ ನನ್ನನ್ನು ಕರೆಸಿದ್ದರು. ಕಣ್ಣಿಗೆ ಏನೂ ಬೀಳಲಿಲ್ಲ. ಬಿದ್ದದ್ದು ಮೂಗಿಗೆ.

“ರೊವೆನಾ, ಇಲ್ಲಿ ಬಾ. ಇದನ್ನ ಸ್ವಲ್ಪ ಮೂಸಿ ನೋಡು.”

ಅವಳು ಬಾಗಿಲಲ್ಲೇ ನಿಂತಳು. “ನಂಗೆಲ್ಲಿ ಮೂಗಿದೆ ಟೀಟಾ? ಎರಡು ಚಳಿಗಾಲದ ಹಿಂದೆ ಜ್ವರ ಬಂದಾಗಲೇ ಹೊರಟುಹೋಯ್ತು. ಈಗ ಬೆಳ್ಳುಳ್ಳಿ ಸೀದರೂ ಗೊತ್ತಾಗಲ್ಲ. ಮನೇಲಿ ಹೊಗೆ ಗಂಟೆ ಬಡಿದ ಮೇಲೆ ನಾನು ಒಲೆ ಆರಿಸೋದು.”

ಟೀಟಾ ಎಂದರೆ ಅವಳ ಮನೆಮಾತಿನಲ್ಲಿ ಚಿಕ್ಕಮ್ಮ. ಮನಿಲಾದಿಂದ ಬಂದ ಮೊದಲ ವಾರದಿಂದಲೇ ಅವಳು ನನ್ನನ್ನು ಹಾಗೆ ಕರೆದಳು. ನಾನು ಬೇಡವೆನ್ನಲಿಲ್ಲ.

“ಬಿಡಿ ಟೀಟಾ, ಚಳೀಲಿ ನಿಂತಿದ್ದೀರ. ಹೊರಗೆ ಬನ್ನಿ” ಎಂದು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು.

ಏನು ವಾಸನೆ ಎಂದು ಅವಳು ಕೇಳಲಿಲ್ಲ. ಆ ಕ್ಷಣದಲ್ಲಿ ನಾನದನ್ನು ಗಮನಿಸಲಿಲ್ಲ.

*

ರೊವೆನಾಳ ಕೆಲಸವೇನೆಂದು ನನ್ನ ತಂಗಿಗೆ ಹೇಳಿದ ಹಾಗೆಯೇ ಇಲ್ಲಿಯೂ ಹೇಳುತ್ತೇನೆ.

ಪ್ರೋಟೀನ್ ಒಂದು ಮಣಿಸರ. ಮಡಚಿ ಮುದುರಿ ಉಂಡೆಯಾದ ಸರ. ರೊವೆನಾಳ ಪ್ರೋಟೀನು ಕ್ಯಾನ್ಸರ್ ಗಂಟನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ಕಳಿಸಿದರೆ ಗಂಟಿನ ಅಂಚು ಎಲ್ಲಿ ಮುಗಿಯುತ್ತದೆಂದು ಶಸ್ತ್ರವೈದ್ಯರಿಗೆ ಕಾಣುತ್ತದೆ. ಆದರೆ ಬಣ್ಣವನ್ನು ಎಲ್ಲೆಂದರಲ್ಲಿ ಬಳಿದರೆ ಪ್ರೋಟೀನು ತನ್ನ ದಾರಿಯನ್ನೇ ಮರೆಯುತ್ತದೆ. ಆದ್ದರಿಂದ ಸರದಲ್ಲಿ ಒಂದೇ ಒಂದು ಮಣಿಯನ್ನು ತೆಗೆದು ಅಲ್ಲಿ ಗಂಧಕವಿರುವ ಮಣಿಯನ್ನು ಪೋಣಿಸಿದಳು. ಬಣ್ಣಕ್ಕೊಂದು ಕೊಂಡಿ ಇರುತ್ತದೆ. ಆ ಕೊಂಡಿ ಗಂಧಕವನ್ನಲ್ಲದೆ ಬೇರೇನನ್ನೂ ಹಿಡಿಯುವುದಿಲ್ಲ. ಒಂದು ಗಂಧಕ, ಒಂದು ಬಣ್ಣ, ಒಂದೇ ಜಾಗ.

ಈಗ ಪ್ರೋಟೀನನ್ನು ಇಟ್ಟ ಉಪ್ಪುನೀರಿನಲ್ಲಿ, ಅಂದರೆ ನಾವು ಬಫರ್ ಎನ್ನುವ ನೀರಿನಲ್ಲಿ, ಬೇರೆ ಗಂಧಕ ತೇಲುತ್ತಿದ್ದರೆ? ಕೊಂಡಿಗಳೆಲ್ಲ ಅದನ್ನೇ ಹಿಡಿದುಕೊಳ್ಳುತ್ತವೆ. ಮದುವೆಮನೆಗೆ ಬಂದವರನ್ನು ಬೀದಿಯಲ್ಲೇ ತಡೆದು ಊಟ ಹಾಕಿ ಕಳಿಸಿದ ಹಾಗೆ. ಪ್ರೋಟೀನು ಬಣ್ಣವಿಲ್ಲದೆ ಕಾಯುತ್ತ ಕೂರುತ್ತದೆ.

ಅಮ್ಮನ ಬಾಟಲಿಯಲ್ಲಿದ್ದದ್ದೂ ಗಂಧಕದ್ದೇ ಒಂದು ಬಂಧು. ಕೂದಲಿನೊಳಗೆ ಕೈಕೈ ಹಿಡಿದಿರುವ ಗಂಧಕಗಳನ್ನು ಅದು ಬಿಡಿಸುತ್ತಿತ್ತು. ರೊವೆನಾಳ ಬಾಟಲಿಯಲ್ಲಿದ್ದದ್ದು ನಾವು ಬೀಟಾ-ಮರ್ಕ್ ಎಂದು ಕರೆಯುತ್ತಿದ್ದ ಇನ್ನೊಂದು ಬಂಧು. ಹಳೆಯ ಕಾಲದಲ್ಲಿ ಪ್ರೋಟೀನು ತುಕ್ಕು ಹಿಡಿಯದಿರಲೆಂದು ಎಲ್ಲ ಬಾಟಲಿಗೂ ಒಂದು ಹನಿ ಬಿಡುತ್ತಿದ್ದೆವು. ನಾನು ನಿವೃತ್ತಳಾದ ವರ್ಷ ಅದನ್ನು ನಿಷೇಧಿಸಿ ಪೆನ್ನರ್ ಲಿಖಿತ ಆದೇಶ ಹೊರಡಿಸಿದರು. ಈಗ ಬಳಸುವುದು ವಾಸನೆಯಿಲ್ಲದ ಬಿಳಿ ಪುಡಿ. ಈಗಿನ ಮಕ್ಕಳು ಬೀಟಾ-ಮರ್ಕನ್ನು ಮೂಸಿಯೇ ಇಲ್ಲ.

ಹದಿನೈದು ತಿಂಗಳಿಂದ ಬಣ್ಣ ಕೂರದಿದ್ದದ್ದಕ್ಕೆ ಕಾರಣ ಆ ನೀರಿನಲ್ಲಿತ್ತು. ಹೊಸ ನೀರಿನಲ್ಲಿ ಮಾಡಿ ತೋರಿಸೋಣವೆಂದರೆ ಪ್ರೋಟೀನಿನ ಕೊನೆಯ ಕೊಳವೆ ಹಿಂದಿನ ವಾರವೇ ಖಾಲಿಯಾಗಿತ್ತು. ಮತ್ತೆ ಬೆಳೆಸಲು ಹದಿನೈದು ದಿನ ಬೇಕು. ನಮಗಿದ್ದದ್ದು ಒಂದು ಸಂಜೆ. ಬರಹದಲ್ಲಿ ಸಾಕ್ಷಿ ಬೇಕಿತ್ತು.

ಮತ್ತು, ಆ ಹನಿಯನ್ನು ಹಾಕಿದವರು ಬೇಕಿತ್ತು.

*

ಬಫರ್ ಮಾಡುವುದು ವಾಲ್ಟರ್ ಫ್ರೀಸೆನ್‌ನ ಕೆಲಸ. ತೊಳೆಯುವ ಕೋಣೆಯಲ್ಲಿ ಹಬೆಯ ನಡುವೆ ನಿಂತು ಗಾಜಿನ ಜಾಡಿಗಳನ್ನು ಒರೆಸುತ್ತಿದ್ದ. ರೇಡಿಯೊದಲ್ಲಿ ಕರ್ಲಿಂಗ್, ಅಂದರೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟದ ಪಂದ್ಯ ನಡೆಯುತ್ತಿತ್ತು.

ಮೂವತ್ತು ವರ್ಷ ಜೊತೆಯಲ್ಲಿ ದುಡಿದವರು ನಾವು. ರೊವೆನಾ ಗಿಡ್ಡಗಿದ್ದಾಳೆಂದು ಅವಳ ಬಾಟಲಿಗಳನ್ನು ಯಾವಾಗಲೂ ಕೆಳಗಿನ ಹಲಗೆಯಲ್ಲೇ ಇಡುವವನು ಅವನು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ಹಾಗೆ ಮಾಡುತ್ತಾನೆಂದು ಯಾರಿಗೂ ಗೊತ್ತೂ ಇರಲಿಲ್ಲ. ಇನ್ನು ಮೂರು ವಾರಕ್ಕೆ ಅವನ ಬೀಳ್ಕೊಡುಗೆ.

“ಏನಮ್ಮ ಎಲ್ಸಿ, ಪತ್ತೇದಾರಿಕೆ ಎಲ್ಲಿಗೆ ಬಂತು? ಬೆರಳಚ್ಚು ಬೇಕಿದ್ರೆ ತಗೋ. ಮೂವತ್ತು ವರ್ಷ ಸೋಪಿನಲ್ಲಿ ಅದ್ದಿ ಅದ್ದಿ ಎಲ್ಲ ಸವೆದುಹೋಗಿದೆ” ಎಂದು ಎರಡೂ ಕೈ ಚಾಚಿದ.

“ರೇಡಿಯೊ ಸ್ವಲ್ಪ ಸಣ್ಣಗೆ ಮಾಡು.”

“ಕೊನೇ ಕಲ್ಲು ಬಿಡ್ತಿದ್ದಾರೆ ಕಣೆ.”

“ವಾಲ್ಟರ್.”

ನನ್ನ ದನಿಯಲ್ಲಿ ಏನನ್ನು ಕೇಳಿದನೋ, ರೇಡಿಯೊ ಆರಿಸಿಯೇಬಿಟ್ಟ.

“ರೊವೆನಾಳ ಬಫರಿಗೆ ಬೀಟಾ-ಮರ್ಕ್ ಹಾಕ್ತಿದ್ದೀಯಾ?”

ಅವನು ಕೈಯಲ್ಲಿದ್ದ ಜಾಡಿಯನ್ನು ಒರೆಸಿ ಮುಗಿಸಿದ. ಬೆಳಕಿಗೆ ಹಿಡಿದು ನೋಡಿದ. ಬೋರಲು ಇಟ್ಟ.

“ಹೂಂ.”

“ಎಷ್ಟು?”

“ಒಂದು ಹನಿ. ಲೀಟರಿಗೆ ಒಂದು ಹನಿ.”

“ಯಾವಾಗಿಂದ?”

“ಮೊದಲಿಂದ.”

“ಯಾರು ಹೇಳಿದ್ರು?”

“ಯಾರು ಹೇಳಬೇಕು? ನಾನೇ. ಹುಡುಗಿಯ ಪ್ರೋಟೀನು ಕೆಡಬಾರದು ಅಂತ.” ಬಟ್ಟೆಯನ್ನು ಮಡಚಿ, ಮತ್ತೆ ಮಡಚಿ, ಚೌಕ ಮಾಡಿದ. “ಅದೇ ಹಾಳು ಮಾಡಿದ್ದು, ಅಲ್ವಾ?”

ನಾನು ತಲೆಯಾಡಿಸಿದೆ.

“ನಾಳೆ ಹತ್ತಕ್ಕೆ ನಾನೇ ಬರ್ತೀನಿ. ಸಮಿತಿ ಮುಂದೆ ಹೇಳ್ತೀನಿ. ನಂದೇ ತಪ್ಪು, ಹುಡುಗಿಯನ್ನ ಬಿಟ್ಬಿಡಿ ಅಂತ.”

“ಕೆಲಸದಿಂದ ತೆಗೆದುಹಾಕ್ತಾರೆ ವಾಲ್ಟರ್. ನಿಷೇಧದ ಆದೇಶಕ್ಕೆ ನೀನೂ ಸಹಿ ಹಾಕಿದ್ದೀಯ.”

“ಮೂರು ವಾರ ಮುಂಚೆ ಮನೆಗೆ ಹೋಗ್ತೀನಿ ಅಷ್ಟೆ. ಕೇಕಿನ ಮೇಲೆ ನನ್ನ ಹೆಸರು ಬರೆಸೋ ಖರ್ಚು ಉಳೀತು ಬಿಡು.”

ಅವನು ನಕ್ಕ. ನನಗೆ ನಗು ಬರಲಿಲ್ಲ. ಆ ಒಂದು ಹನಿಯನ್ನು ಅವನಿಗೆ ಕಲಿಸಿಕೊಟ್ಟವಳೇ ನಾನು. ಆಗ ಅವನಿಗೆ ತಲೆತುಂಬ ಕೂದಲಿತ್ತು, ಕಿಟಕಿಯಾಚೆ ಈಗಿನ ಕಟ್ಟಡದ ಬದಲು ಸಾಸಿವೆ ಹೂವಿನ ಬಣ್ಣದ ಕನೋಲ ಎಣ್ಣೆಬೀಜದ ಹೊಲವಿತ್ತು. “ಗೋಡೆ ಕಡೆ ಮುಖ ಮಾಡು, ಉಸಿರು ಹಿಡಿ, ಒಂದೇ ಹನಿ, ಮುಚ್ಚಳ ಹಾಕು” ಎಂದು ಹೇಳಿಕೊಟ್ಟಿದ್ದೆ. ಅವನು ಉಸಿರು ಹಿಡಿದದ್ದು ಹೆಚ್ಚಾಗಿ ಮುಖವೆಲ್ಲ ಕೆಂಪಗಾಗಿತ್ತು. ನಾವಿಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದೆವು.

“ಬರೆದಿಟ್ಟಿದ್ದೀಯಾ?” ಎಂದೆ.

“ಬರೀದೆ ಏನು ಮಾಡಿದ್ದೀನಿ? ಎಲ್ಲ ಅಡುಗೆ ಪುಸ್ತಕದಲ್ಲೇ ಬರೆದದ್ದು.”

ಅಷ್ಟು ಹೇಳಿ ಅವನು ರೇಡಿಯೊ ಹಚ್ಚಿದ. ಪಂದ್ಯ ಮುಗಿದುಹೋಗಿತ್ತು.

*

ಅಡುಗೆ ಪುಸ್ತಕವೆಂದರೆ ನೀಲಿ ಬಟ್ಟೆಯ ರಟ್ಟಿನ ದಪ್ಪ ವಹಿ. ಯಾವ ದಿನ, ಯಾವ ಬಾಟಲಿ, ಏನೇನು ಎಷ್ಟೆಷ್ಟು ಹಾಕಿದ್ದು, ಕೊನೆಗೆ ಮಾಡಿದವರ ಸಹಿ. ಆ ಹೆಸರಿಟ್ಟದ್ದೂ ನಾನೇ. ಅದನ್ನು ಬರೆಯುವವರಲ್ಲದೆ ಬೇರೆ ಯಾರೂ ಓದುವುದಿಲ್ಲ.

ಅಲ್ಲಿ ವಾಲ್ಟರನ ಕೋಳಿಗೀಚು ಅಕ್ಷರದಲ್ಲಿ ಒಂದು ಹನಿಯ ಲೆಕ್ಕ ಸಿಕ್ಕಿದರೆ ರೊವೆನಾ ಉಳಿಯುತ್ತಾಳೆ. ಒಬ್ಬ ಒಳ್ಳೆಯ ಮನುಷ್ಯ ತಲೆತಗ್ಗಿಸಿ ಮನೆಗೆ ಹೋಗುತ್ತಾನೆ. ಹೀಗೆ ಯೋಚಿಸುತ್ತಲೇ ಹಾಳೆ ತಿರುವಿದೆ.

ಹಿಂದಿನ ವರ್ಷಕ್ಕೂ ಹಿಂದಿನ ಅಕ್ಟೋಬರ್ ಇತ್ತು. ಅಲ್ಲಿ ಬಿಳಿ ಪುಡಿಯ ಲೆಕ್ಕವಷ್ಟೇ ಇತ್ತು, ಹನಿಯ ಸುದ್ದಿಯೇ ಇರಲಿಲ್ಲ. ಮೊದಲಿಂದ ಎಂದಿದ್ದನಲ್ಲ ಅವನು.

ಮುಂದಿನ ಹಾಳೆ ಈ ಜನವರಿಯದು. ಅಲ್ಲಿ ಹನಿಯ ಲೆಕ್ಕವಿತ್ತು, ಆದರೆ ಒಂದು ತಿಂಗಳ ಬರಹ ಹದಿನೈದು ತಿಂಗಳಿಗೆ ಸಾಕ್ಷಿಯಾಗದು.

ನಡುವೆ ಏನೂ ಇರಲಿಲ್ಲ. ಹೊಲಿಗೆಯ ಹತ್ತಿರ ಏಳು ಕಿರಿದಾದ ಅಂಚುಗಳು ಉಳಿದಿದ್ದವು. ಹರಿದದ್ದಲ್ಲ. ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ನಿಧಾನವಾಗಿ, ಪುಸ್ತಕಕ್ಕೆ ನೋವಾಗಬಾರದೆಂಬಂತೆ ಕತ್ತರಿಸಿದ್ದು.

ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿರುತ್ತದೆ. ಪುಸ್ತಕವನ್ನು ಕೋಣೆಯಿಂದ ಹೊರಗೆ ಒಯ್ಯುವವರು ಅದರಲ್ಲಿ ಸಹಿ ಹಾಕಬೇಕು. ಕೊನೆಯ ಸಾಲಿನಲ್ಲಿ ಸೋಮವಾರದ ತಾರೀಕಿತ್ತು, ಪಕ್ಕದಲ್ಲಿ ರೊವೆನಾಳ ಸಹಿ.

ಕದಿಯಲು ಹೋದವಳೂ ನಿಯಮ ತಪ್ಪದೆ ಸಹಿ ಹಾಕಿ ಹೋಗಿದ್ದಳು.

*

ನಾಲ್ಕೂವರೆಗೆ ಊಟದ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಕಿಟಕಿಯ ಹೊರಗೆ ಹಿಮದ ಮೇಲೆ ಬಿಸಿಲು ಕಿತ್ತಳೆಯಾಗುತ್ತಿತ್ತು. ಪುಸ್ತಕವನ್ನು ಅವಳ ಮುಂದಿಟ್ಟೆ.

“ಯಾಕೆ ಕತ್ತರಿಸಿದೆ?”

“ಕೂತ್ಕೊಳ್ಳಿ ಟೀಟಾ.”

“ಕೂರೋಕೆ ಬಂದಿಲ್ಲ. ನಿನ್ನನ್ನ ಉಳಿಸೋ ಹಾಳೆಗಳನ್ನ ನೀನೇ ಕತ್ತರಿಸಿದ್ದೀಯ. ಇದು ಸಮಿತಿಗೆ ಗೊತ್ತಾದರೆ ಇನ್ನೇನು ಬಾಕಿ ಉಳೀತು? ಮೊದಲು ಸುಳ್ಳು ಬರೆದಳು, ಆಮೇಲೆ ದಾಖಲೆ ನಾಶ ಮಾಡಿದಳು ಅಂತಾರೆ.”

“ನಾಶ ಮಾಡಿಲ್ಲ.”

“ವಾಲ್ಟರನಿಗಾಗಿ ತಾನೇ? ಅವನೇ ಒಪ್ಪಿಕೊಂಡಾಯ್ತು. ನೀನು ಅಡಗಿಸಿ ಪ್ರಯೋಜನ ಇಲ್ಲ.”

ಅವಳು ತಲೆಯೆತ್ತಿದಳು. “ಏನಂತ ಒಪ್ಪಿಕೊಂಡ್ರು?”

“ಮೊದಲಿಂದ ತಾನೇ ಹಾಕಿದ್ದು ಅಂತ.”

“ಅಯ್ಯೋ, ಆ ಮುದುಕಪ್ಪ” ಎಂದಳು. ಕಣ್ಣು ತುಂಬಿಕೊಂಡವು. “ಅದು ಸುಳ್ಳು ಟೀಟಾ.”

ನಾನು ಕುಳಿತೆ.

“ನನ್ನ ಕೆಲಸ ಮೊದಲ ಸಲ ಕೆಟ್ಟಿದ್ದು ಆ ನವೆಂಬರಿನ ಎರಡನೇ ವಾರ” ಎಂದಳು, ತುಂಬ ಮೆಲ್ಲಗೆ, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ. “ಆಗ ವಾಲ್ಟರ್ ಎಲ್ಲಿದ್ರು, ನೆನಪು ಮಾಡ್ಕೊಳ್ಳಿ.”

ಆಸ್ಪತ್ರೆಯಲ್ಲಿ. ಸೊಂಟದ ಕೀಲು ಬದಲಾಯಿಸಿದ್ದರು. ಆರು ವಾರ ಮಂಚದ ಮೇಲಿದ್ದ. ಪೆನ್ನರ್ ನನಗೆ ಫೋನ್ ಮಾಡಿ, “ಎಲ್ಸಿ, ಅಷ್ಟು ದಿನ ನೀನು ಬಂದು ನೋಡ್ಕೊಳ್ತೀಯಾ?” ಎಂದು ಕೇಳಿದ್ದರು. ಕೇಳಿ ಮುಗಿಸುವ ಮೊದಲೇ ನಾನು ಕೋಟು ಹುಡುಕುತ್ತಿದ್ದೆ. ಎಷ್ಟು ಸಂತೋಷದ ಆರು ವಾರ. ನನ್ನ ಹಳೆಯ ಏಪ್ರನ್ ಮೊಳೆಯಲ್ಲಿ ಹಾಗೆಯೇ ತೂಗಾಡುತ್ತಿತ್ತು. ಆವಿ ಹೀರುವ ಕಪಾಟಿನ ಹಿಂದೆ, ಯಾರೂ ಬಿಸಾಡದೆ ಉಳಿಸಿದ್ದ ನನ್ನ ಕಂದು ಸೀಸೆಯೂ.

ಆ ಆರು ವಾರ ಬಫರ್ ಮಾಡಿದವಳು ನಾನು.

“ಮೊದಲ ಹಾಳೆ ಪೂರ್ತಿ ನಿಮ್ಮ ಅಕ್ಷರ ಟೀಟಾ” ಎಂದಳು ರೊವೆನಾ. “ಪ್ರತಿ ಬಾಟಲಿ ಮುಂದೆಯೂ ಮುದ್ದಾಗಿ ಬರೆದಿದ್ರಿ: ಒಂದು ಹನಿ, ತುಕ್ಕು ಹಿಡಿಯದಿರಲು. ವಾಲ್ಟರ್ ವಾಪಸ್ ಬಂದವರು ಅದನ್ನ ನೋಡಿ ಮುಂದುವರಿಸಿದ್ದಾರೆ. ಎಲ್ಸಿ ಬರೆದಿದ್ದಾಳೆ ಅಂದ್ಮೇಲೆ ಅವರು ಬೇರೆ ಯಾರನ್ನ ಕೇಳ್ತಾರೆ?”

ನನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ನೋಡಿದೆ. ಗೋಡೆಯ ಕಡೆ ಮುಖ, ಉಸಿರು ಹಿಡಿ, ಒಂದೇ ಹನಿ, ಮುಚ್ಚಳ. ಮೂವತ್ತಮೂರು ವರ್ಷ ಮಾಡಿದ್ದನ್ನು ಈ ಕೈಗಳು ನನ್ನನ್ನು ಕೇಳದೆಯೇ ಮಾಡಿದ್ದವು. ಆದೇಶದ ಕಾಗದ ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಅಮ್ಮನ ಹಾಗೆ ವಾಸನೆಯ ನಡುವೆಯೇ ನಿಂತವಳಿಗೆ ಅದು ಎಲ್ಲಿಂದ ಗೊತ್ತಾಗಬೇಕು?

“ಸೋಮವಾರ ಗೊತ್ತಾಯ್ತಾ ನಿಂಗೆ?”

“ಸೋಮವಾರ ಸಂಜೆ. ಮಂಗಳವಾರ ಸಮಿತಿಯವರು ಬಂದು ಪುಸ್ತಕಗಳನ್ನೆಲ್ಲ ಒಯ್ತಾರೆ ಅಂದಿದ್ರು. ನೀವು ಅದನ್ನ ಅಲ್ಲಿ, ಆ ಮೇಜಿನ ಮುಂದೆ, ಅವರ ಬಾಯಲ್ಲಿ ಕೇಳಬಾರದು ಅನ್ನಿಸ್ತು. ಮೊದಲು ನಾನೇ ನಿಮಗೆ ತೋರಿಸಿ, ಆಮೇಲೆ ಕೊಡೋಣ ಅಂತ ಕತ್ತರಿಸಿದೆ. ಅವರು ನನ್ನ ಪುಸ್ತಕಗಳನ್ನಷ್ಟೇ ಒಯ್ದರು. ಇದನ್ನ ಮುಟ್ಟಲೇ ಇಲ್ಲ.”

“ಮತ್ತೆ ಯಾಕೆ ಸುಮ್ಮನಿದ್ದೆ? ಇವತ್ತು ಬುಧವಾರ.”

ಅವಳು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಹಾಳೆ ಕೊಡು ರೊವೆನಾ. ನಾಳೆ ನಾನೇ ಒಯ್ದು ಕೊಡ್ತೀನಿ. ನನ್ನಿಂದ ಏನು ಕಿತ್ಕೊಳ್ತಾರೆ? ಏಪ್ರನ್ನಾ?”

ಅವಳು ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ಹಾಳೆಗಳನ್ನು ಒಂದೊಂದಾಗಿ ಹರಡಿದಳು. ವಾಲ್ಟರನ ಕೋಳಿಗೀಚು. ಮತ್ತೆ ಕೋಳಿಗೀಚು. ನಾನು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

ಆರು.

“ಸೋಮವಾರ ಸಂಜೆ ನನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದಾಗ ಏಳಿದ್ದವು” ಎಂದಳು. “ಮಂಗಳವಾರ ಬೆಳಿಗ್ಗೆ ತೆಗೆದಾಗ ಆರು. ಬೀಗ ಹಾಕಿದಂತೇ ಇತ್ತು. ನವೆಂಬರಿನ ಹಾಳೆ ಮಾತ್ರ ಇಲ್ಲ ಟೀಟಾ. ನಿಮ್ಮದು ಮಾತ್ರ.”

ಬಿಸಿಲು ಕಿಟಕಿಯಿಂದ ಇಳಿದುಹೋಗಿತ್ತು. ನನಗೆ ಅದರ ಅರ್ಥ ನಿಧಾನವಾಗಿ ತಲೆಗೆ ಹತ್ತಿತು. ಈ ಆರು ಹಾಳೆಗಳನ್ನು ಕೊಟ್ಟರೆ ರೊವೆನಾ ಉಳಿಯುತ್ತಾಳೆ. ಆದರೆ ಅವು ಹೇಳುವುದು ಒಂದೇ ಹೆಸರು. ನಾನು ಮಾಡಿದ್ದು ವಾಲ್ಟರನ ತಲೆಗೆ ಬರುತ್ತದೆ.

“ನಾನು ಬಾಯಲ್ಲಿ ಹೇಳ್ತೀನಿ.”

“ಯಾರು ನಂಬ್ತಾರೆ? ಆ ಆರು ವಾರ ನೀವಿದ್ರಿ ಅಂತ ಪೆನ್ನರ್ ಹೇಳಬಹುದು, ಹನಿ ಹಾಕಿದ್ರಿ ಅನ್ನೋಕೆ ಬರಹ ಎಲ್ಲಿದೆ? ನನ್ನ ಬಗ್ಗೆ ನಿಮಗಿರೋ ಅಕ್ಕರೆ ಎಲ್ಲರಿಗೂ ಗೊತ್ತು. ಹುಡುಗಿಗಾಗಿ ಮುದುಕಿ ಕಥೆ ಕಟ್ತಿದ್ದಾಳೆ ಅಂತಾರೆ. ಅತ್ತ ವಾಲ್ಟರ್ ನಿಂತು ‘ಇಲ್ಲ, ಎಲ್ಲ ನಂದೇ’ ಅಂದುಬಿಟ್ರೆ?”

ಆಗ ನನಗೆ ಕೇಳಬೇಕಾದ ಪ್ರಶ್ನೆ ಹೊಳೆಯಿತು. ಕೇಳಲು ಮನಸ್ಸಿರಲಿಲ್ಲ. ಆದರೂ ಕೇಳಿದೆ.

“ನಿನ್ನ ಖಾನೆಯ ಇನ್ನೊಂದು ಕೀ ಯಾರ ಹತ್ತಿರ ಇರುತ್ತೆ?”

“ಎಲ್ಲರ ಖಾನೆಯದೂ ಒಬ್ಬರ ಹತ್ತಿರವೇ ಇರೋದು” ಎಂದಳು ರೊವೆನಾ. “ವಾಲ್ಟರ್ ಹತ್ತಿರ.”

ಕಾರಿಡಾರಿನಲ್ಲಿ ಹೆಜ್ಜೆಯ ಸದ್ದಾಯಿತು. ಒಂದು ಕಾಲು ಸ್ವಲ್ಪ ಎಳೆಯುವ ಹೆಜ್ಜೆ. ರೊವೆನಾ ಹಾಳೆಗಳನ್ನು ಪುಸ್ತಕದ ಕೆಳಗೆ ಸರಿಸಿದಳು.

ವಾಲ್ಟರ್ ಕೋಟು ಹಾಕಿಕೊಂಡು ಮನೆಗೆ ಹೊರಟವನಂತೆ ಒಳಗೆ ಬಂದ. ಮೇಜಿನ ಮೇಲಿದ್ದ ನೀಲಿ ಪುಸ್ತಕವನ್ನು ನೋಡಿದ. ನಮ್ಮಿಬ್ಬರ ಮುಖ ನೋಡಿದ. ಮೈಕ್ರೊವೇವಿನ ಹತ್ತಿರ ಹೋಗಿ, ಚೀಲದಿಂದ ಒಂದು ಹಳೆಯ ಮಾರ್ಗರಿನ್ ಬೆಣ್ಣೆಯ ಡಬ್ಬಿ ತೆಗೆದು ಒಳಗಿಟ್ಟು, ಅದು ಸುತ್ತುವುದನ್ನೇ ನೋಡುತ್ತ ನಮಗೆ ಬೆನ್ನು ಮಾಡಿ ನಿಂತ.

“ವಾಲ್ಟರ್” ಎಂದೆ.

“ನಾಳೆ ಮಾತಾಡೋಣ ಎಲ್ಸಿ.”

“ಆ ಹಾಳೆ—”

“ಮಧ್ಯಾಹ್ನದಿಂದ ನೀನು ಏನೂ ತಿಂದಿಲ್ಲ. ಆ ಹುಡುಗಿಯೂ ತಿಂದಿಲ್ಲ.”

ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟ. ಕೈ ಸುಡದಿರಲೆಂದು ಕೆಳಗೆ ಟವೆಲು ಮಡಚಿ ಇಟ್ಟಿದ್ದ. ಒಳಗೆ ಅವನ ರಾತ್ರಿಯೂಟ, ಚೀಸ್ ತುಂಬಿದ ಕಡುಬು, ಮೇಲೆ ಕೆನೆಯ ಗೊಜ್ಜು. ಫೋರ್ಕುಗಳನ್ನು ಪಕ್ಕದಲ್ಲಿಟ್ಟು, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟುಹೋದ.

ಎರಡೇ ಫೋರ್ಕು ಇಟ್ಟಿದ್ದ.